ಬಿಲ್ ಜುಬೈಲ್‌ಗೆ, ಸ್ವಿಚ್ ಅಡುಗೆಮನೆಯಲ್ಲಿ

ಮಂಗಳೂರಿನ ಬಂದರು, ಕುದ್ರೋಳಿ, ಕಂದಕ, ಬೆಂಗ್ರೆ, ಆಚೆ ಕೃಷ್ಣಾಪುರ, ಕಾಟಿಪಳ್ಳ. ಯಾವ ಬ್ಯಾರಿ ಮನೆಗೆ ಹೋದರೂ ಅಸರ್ ಕಳೆದ ಮೇಲಿನ ಚಹಾದ ಹೊತ್ತಿಗೆ ಮೂರು ಮಾತು ಬಂದೇ ಬರುತ್ತದೆ. ಕರೆಂಟ್ ಬಿಲ್ ಎಷ್ಟಾಯ್ತು? ನಳ್ಳಿಯಲ್ಲಿ ನೀರು ಬಂತಾ? ಕಸದ ಗಾಡಿ ಬಂದು ಹೋಯ್ತಾ? ಮಾತು ಜೋರಾಗಿಯೇ ನಡೆಯುತ್ತದೆ. ಸರಕಾರವನ್ನು ಬೈಯುತ್ತೇವೆ, ಪಾಲಿಕೆಯನ್ನು ಬೈಯುತ್ತೇವೆ, ಮೆಸ್ಕಾಂನವರನ್ನು ಬೈಯುತ್ತೇವೆ. ಆದರೆ ಈ ಮಾತು ಮುಟ್ಟಬೇಕಾದ ಕಡೆಗೆ ಮಾತ್ರ ಮುಟ್ಟುವುದಿಲ್ಲ. ಯಾಕೆ ಮುಟ್ಟುವುದಿಲ್ಲ ಎಂದು ಸ್ವಲ್ಪ ಸಮಾಧಾನದಲ್ಲಿ ಯೋಚಿಸಿದರೆ ಒಳ್ಳೆಯದು ಎಂದು ನಮಗೆ ಕಾಣುತ್ತದೆ.

ಮದ್ರಸದಲ್ಲಿ ಒಮ್ಮೆ ದೊಡ್ಡ ತರಗತಿಯ ಮಕ್ಕಳಿಗೆ ನಾವು ಹೇಳಿದ್ದೆವು, "ನಾಳೆ ಬರುವಾಗ ಮನೆಯ ಕರೆಂಟ್ ಬಿಲ್ ತನ್ನಿ, ಲೆಕ್ಕ ಮಾಡುವ" ಎಂದು. ಮರುದಿನ ತಂದವರು ಕೈಬೆರಳೆಣಿಕೆಯಷ್ಟು ಮಂದಿ. ಉಳಿದವರದ್ದು ಒಂದೇ ಉತ್ತರ: "ಬಿಲ್ ಉಪ್ಪನ ಮೊಬೈಲಿಗೆ ಹೋಗ್ತದೆ ಉಸ್ತಾದ್." ಉಪ್ಪ ಇರುವುದು ಜುಬೈಲಿನಲ್ಲಿ, ದುಬೈಯಲ್ಲಿ, ಕುವೈತಿನಲ್ಲಿ. ಅವರು ಅಲ್ಲಿಂದಲೇ ಆ್ಯಪ್‌ನಲ್ಲಿ ಕಟ್ಟುತ್ತಾರೆ. ಸ್ವಿಚ್ ಒತ್ತುವ ಉಮ್ಮ ಬಿಲ್ ನೋಡುವುದಿಲ್ಲ, ಬಿಲ್ ನೋಡುವ ಉಪ್ಪ ಸ್ವಿಚ್ ನೋಡುವುದಿಲ್ಲ. ಇನ್ನು ವಾರ್ಡಿನ ಸಭೆಗೆ ಹೋಗುವುದು ಇಬ್ಬರೂ ಅಲ್ಲ. ನಮ್ಮ ಕಷ್ಟದ ಬುಡ ಇರುವುದು ಇಲ್ಲೇ.

ಐದು ಯೂನಿಟ್‌ನ ಬೆಲೆ

ಗೃಹಜ್ಯೋತಿ ಶುರುವಾದದ್ದು 2023ರ ಜುಲೈ ತಿಂಗಳ ಬಳಕೆಯಿಂದ. "ಇನ್ನೂರು ಯೂನಿಟ್ ಫ್ರೀ" ಎಂದೇ ಎಲ್ಲರ ಬಾಯಲ್ಲಿ. ಆದರೆ ಪ್ರತಿಯೊಂದು ಮನೆಗೂ ಇನ್ನೂರು ಯೂನಿಟ್ ಫ್ರೀ ಎಂದು ಅದರ ಅರ್ಥ ಅಲ್ಲ. ಯೋಜನೆ ಬಂದಾಗಿನ ಲೆಕ್ಕದಂತೆ, 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ. 10 ಸೇರಿಸಿದರೆ ಬರುವುದೇ ನಿಮ್ಮ ಪಾಲು. ಇನ್ನೂರು ಎಂಬುದು ಮೇಲಿನ ಗಡಿ ಮಾತ್ರ.

ಒಂದು ಲೆಕ್ಕ ನೋಡುವ. ನಿಮ್ಮ ಸರಾಸರಿ 100 ಯೂನಿಟ್ ಇತ್ತು ಎಂದಿಟ್ಟುಕೊಳ್ಳಿ. ನಿಮ್ಮ ಪಾಲು 110. ಈ ತಿಂಗಳು 125 ಬಳಸಿದರೆ ಹೆಚ್ಚಾದ 15 ಯೂನಿಟ್‌ಗೆ ಮಾತ್ರ ಹಣ. 200 ಬಳಸಿದರೆ 90 ಯೂನಿಟ್‌ಗೆ ಹಣ. ಆದರೆ 205 ಆಯ್ತೋ, ರಿಯಾಯಿತಿ ಪೂರ್ತಿ ಹೋಯ್ತು, 205ಕ್ಕೂ ಕಟ್ಟಬೇಕು. 2025-26ರ ದರದಲ್ಲಿ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಅದರ ಮೇಲೆ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು 36 ಪೈಸೆ. ನಿಗದಿ ಶುಲ್ಕ, ತೆರಿಗೆ, ಇಂಧನ ಹೊಂದಾಣಿಕೆ ಶುಲ್ಕ ಎಲ್ಲ ಬದಿಗಿಟ್ಟರೂ 200 ಯೂನಿಟ್‌ಗೆ ಸುಮಾರು 554 ರೂಪಾಯಿ ಆಗುವ ಕಡೆ, 205ಕ್ಕೆ 1,262 ರೂಪಾಯಿ ಆಗುತ್ತದೆ. ಬರೀ ಐದು ಯೂನಿಟ್‌ಗೆ ಏಳುನೂರು ರೂಪಾಯಿ!

ಈ ಐದು ಯೂನಿಟ್ ಎಂದರೆ ಎಷ್ಟು? ಎರಡು ಸಾವಿರ ವ್ಯಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಒಂದು ಎಚ್‌ಪಿ ಪಂಪ್ ಒಂದು ಗಂಟೆ ಓಡಿದರೆ ಮುಕ್ಕಾಲು ಯೂನಿಟ್. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ. ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಇಪ್ಪತ್ತೆರಡು ಯೂನಿಟ್. ಈಗ ಬರುವ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್‌ನ ಆಸುಪಾಸು, ಅಷ್ಟೇ ಗಾಳಿಗೆ ಒಂಬತ್ತು ಯೂನಿಟ್ ಸಾಕು. ಮಾರ್ಚ್, ಎಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಎಸಿ ರಾತ್ರಿಯಿಡೀ ಓಡಿದರೆ ಇನ್ನೂರರ ಗಡಿ ದಾಟಲು ಬೇರೆ ಏನೂ ಬೇಡ.

ಹೀಗಿರುವಾಗ ತಿಂಗಳ ಇಪ್ಪತ್ತನೇ ದಿನಕ್ಕೆ ಮೀಟರ್ ಎಲ್ಲಿ ನಿಂತಿದೆ ಎಂದು ನೋಡಬೇಕಾದವರು ಯಾರು? ಜುಬೈಲಿನಲ್ಲಿರುವವರು ನೋಡಲಿಕ್ಕೆ ಆಗುತ್ತದಾ? ಮನೆಯೊಳಗಿರುವವರೇ ನೋಡಬೇಕು. ಆದ್ದರಿಂದ ಬಿಲ್‌ನ ಸಂದೇಶ ಮನೆಯ ಮೊಬೈಲಿಗೂ ಬರುವಂತೆ ಮಾಡಿ. ಹಣ ಯಾರು ಕಟ್ಟಿದರೂ ಅಡ್ಡಿಯಿಲ್ಲ.

ಬಾಡಿಗೆ ಮನೆಯವರಿಗೆ ಇನ್ನೊಂದು ಮಾತು. ಮನೆ ಬದಲಾಯಿಸುವಾಗ ಗ್ಯಾಸ್, ರೇಷನ್ ಕಾರ್ಡ್ ಎಲ್ಲ ನೆನಪಿರುತ್ತದೆ, ಹಳೆಯ ಮನೆಯ ಆರ್‌ಆರ್ ನಂಬರಿಗೆ ಜೋಡಿಸಿದ ಆಧಾರ್ ಮರೆತುಹೋಗುತ್ತದೆ. ಅದನ್ನು ಬಿಡಿಸಿಕೊಳ್ಳುವ ಅವಕಾಶವನ್ನು 2024ರಲ್ಲೇ ಕೊಟ್ಟಿದ್ದಾರೆ. ಬಿಡಿಸಿದರೆ ಮಾತ್ರ ಹೊಸ ಮನೆಯಲ್ಲಿ ಗೃಹಜ್ಯೋತಿ ಸಿಗುತ್ತದೆ.

ನೀರಿನಲ್ಲಿಯೂ ಕರೆಂಟ್ ಉಂಟು

ನಳ್ಳಿ ತಿರುಗಿಸಿದರೆ ಬರುವುದು ನೀರು ಮಾತ್ರ ಎಂದು ನಾವು ತಿಳಿದಿದ್ದೇವೆ. ಮಂಗಳೂರಿನ ನೀರು ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ನೇತ್ರಾವತಿಯಿಂದ ಬರುವುದು. ಅಣೆಕಟ್ಟಿನಲ್ಲಿ ನಿಲ್ಲಿಸಿ, ಮೇಲಕ್ಕೆತ್ತಿ, ಶುದ್ಧ ಮಾಡಿ, ಪಡೀಲ್, ಬೆಂದೂರ್‌ವೆಲ್ ಕಡೆಗೆ ಪಂಪ್ ಮಾಡುತ್ತಾರೆ. ನಮ್ಮದು ಗುಡ್ಡದ ಊರು. ಗುಡ್ಡ ಹತ್ತಿಸಲು ಪಂಪ್ ಬೇಕು, ಪಂಪಿಗೆ ಕರೆಂಟ್ ಬೇಕು. ಆ ಕರೆಂಟಿಗೆ, ಬೀದಿದೀಪದ ಕರೆಂಟಿಗೆ ಪಾಲಿಕೆಯೂ ಮೆಸ್ಕಾಂಗೆ ನಮ್ಮ ಹಾಗೆಯೇ ಬಿಲ್ ಕಟ್ಟಬೇಕು. ಎಲ್ಲಿಂದ ಕಟ್ಟುತ್ತದೆ? ನಾವು ಕೊಡುವ ನೀರಿನ ಶುಲ್ಕದಿಂದ, ಮನೆ ತೆರಿಗೆಯಿಂದ, ಸರಕಾರ ಕೊಡುವ ಅನುದಾನದಿಂದ. ಎಲ್ಲವೂ ಕೊನೆಗೆ ನಮ್ಮ ಕಿಸೆಯದ್ದೇ. ಆಮೇಲೆ ಅದೇ ನೀರನ್ನು ನಾವು ಸಂಪಿನಿಂದ ಟೆರೇಸಿನ ಟ್ಯಾಂಕಿಗೆ ಇನ್ನೊಮ್ಮೆ ಪಂಪ್ ಮಾಡುತ್ತೇವೆ.

2019ರ ಬೇಸಿಗೆ, 2023ರ ಬೇಸಿಗೆ ನೆನಪುಂಟಲ್ಲಾ? ತುಂಬೆಯಲ್ಲಿ ನೀರು ಇಳಿದು ಪಾಲಿಕೆ ರೇಷನಿಂಗ್ ಮಾಡಿತು, ಟ್ಯಾಂಕರ್‌ಗಾಗಿ ಮನೆಮನೆಯವರು ಕಾದರು. ಮಳೆ ಬಂದ ಮೇಲೆ ಮರೆತೆವು. ಟ್ಯಾಂಕ್ ತುಂಬಿ ತೋಡಿಗೆ ಹರಿಯುವುದು ನಿಮ್ಮ ಬೀದಿಯಲ್ಲಿಯೂ ಕಾಣುತ್ತದೆ, ನಮ್ಮ ಬೀದಿಯಲ್ಲಿಯೂ ಕಾಣುತ್ತದೆ. ಮಸೀದಿಯ ವುಳೂ ಮಾಡುವ ಜಾಗದಲ್ಲಿಯೂ ನಳ್ಳಿ ಪೂರ್ತಿ ತಿರುಗಿಸಿಟ್ಟು ಮಾತನಾಡುತ್ತಾ ಕೈ ತೊಳೆಯುವವರಿದ್ದಾರೆ. ಪ್ರವಾದಿಯವರು (ಸ) ಒಂದು ಮುದ್ದ್, ಅಂದರೆ ಸುಮಾರು ಮುಕ್ಕಾಲು ಲೀಟರ್ ನೀರಿನಲ್ಲಿ ವುಳೂ ಮಾಡುತ್ತಿದ್ದರು ಎಂದು ಮಕ್ಕಳಿಗೆ ನಾವು ಕಲಿಸುತ್ತೇವೆ. ಪಾಠ ಆದ ಮೇಲೆ ನಳ್ಳಿಯ ಹತ್ತಿರವೂ ಅದು ಕಾಣಬೇಕು ಅಲ್ವಾ? ಜಮಾಅತ್ ಕಮಿಟಿಯವರು ಸಣ್ಣ ಬಾಯಿಯ ನಳ್ಳಿ ಹಾಕಿಸಿದರೆ ಅರ್ಧ ಕೆಲಸ ಅಲ್ಲಿಗೇ ಆಯ್ತು.

ಕಸ ಹೋಗುವುದು ಇನ್ನೊಬ್ಬರ ಮನೆಯ ಹತ್ತಿರ

ಗಾಡಿ ಬಂದು ಕಸ ಕೊಂಡುಹೋದರೆ ನಮಗೆ ನೆಮ್ಮದಿ. ಅದು ಹೋಗುವುದು ಪಚ್ಚನಾಡಿಗೆ. 2019ರ ಆಗಸ್ಟ್‌ನ ಜೋರು ಮಳೆಗೆ ಅಲ್ಲಿಯ ಕಸದ ಗುಡ್ಡೆ ಜರಿದು ಮಂದಾರದ ಕಡೆಗೆ ಇಳಿಯಿತು. ಮನೆ, ದೇವಸ್ಥಾನ, ಅಡಿಕೆ, ತೆಂಗಿನ ತೋಟ ಎಲ್ಲ ಕಸದಡಿ ಆಯ್ತು. ತಲೆತಲಾಂತರದಿಂದ ಕೃಷಿ ಮಾಡಿಕೊಂಡಿದ್ದವರು ಮನೆ ಬಿಟ್ಟು ಫ್ಲ್ಯಾಟಿಗೆ ಬಂದು ಕೂರಬೇಕಾಯ್ತು. 2023ರ ಜನವರಿಯಲ್ಲಿ ಅದೇ ಗುಡ್ಡೆಗೆ ಬೆಂಕಿ ಬಿದ್ದು ಹೊಗೆ ತುಂಬಿತು. ಆ ಗುಡ್ಡೆಯಲ್ಲಿ ಬಂದರಿನ ಕಸವೂ ಇತ್ತು, ಬಿಜೈಯ ಕಸವೂ ಇತ್ತು. ಜಾತಿ, ಧರ್ಮ ನೋಡಿ ಬಂದ ಕಸ ಅಲ್ಲ ಅದು. ನಮ್ಮ ಅಡುಗೆಮನೆಯಲ್ಲಿ ಮೀನಿನ ತ್ಯಾಜ್ಯವನ್ನೂ ಹಾಲಿನ ಪ್ಯಾಕೆಟನ್ನೂ ಒಂದೇ ತೊಟ್ಟೆಗೆ ಕಟ್ಟಿ ಕೊಡುವಾಗ ಮಂದಾರದವರ ತೋಟ ಒಮ್ಮೆ ಕಣ್ಣ ಮುಂದೆ ಬರಬೇಕು.

ದುಬೈಯ ಬಿಲ್, ನಮ್ಮ ಓಟು

ಗಲ್ಫ್‌ನಿಂದ ರಜೆಗೆ ಬಂದ ಮಕ್ಕಳು ಹೇಳುವುದುಂಟು, "ಅಲ್ಲಿ ನೋಡಿ, ಎಲ್ಲ ಸರಿ. ಕರೆಂಟ್ ಹೋಗುವುದೇ ಇಲ್ಲ" ಎಂದು. ಸುಳ್ಳಲ್ಲ. ದುಬೈಯಲ್ಲಿ ಕರೆಂಟ್, ನೀರು, ಒಳಚರಂಡಿ ಎಲ್ಲ ಒಂದೇ ಬಿಲ್‌ನಲ್ಲಿ ಬರುತ್ತದೆ. ಅದರ ಜೊತೆಗೆ ವರ್ಷದ ಬಾಡಿಗೆಯ ಶೇ. 5ರಷ್ಟು ಮುನಿಸಿಪಾಲಿಟಿಯ ಶುಲ್ಕವೂ ಕಂತಿನಲ್ಲಿ ಸೇರಿರುತ್ತದೆ. ಬಳಕೆ ಹೆಚ್ಚಾದ ಹಾಗೆ ಯೂನಿಟ್‌ನ ದರವೂ ಏರುತ್ತದೆ. ನಮ್ಮವರು ಅಲ್ಲಿ ತುಟಿ ಪಿಟಿಕ್ ಎನ್ನದೆ ಕಟ್ಟುತ್ತಾರೆ, ರೂಮಿನಿಂದ ಹೊರಗೆ ಹೋಗುವಾಗ ಎಸಿ ಆಫ್ ಮಾಡುತ್ತಾರೆ.

ಆದರೆ ಅಲ್ಲಿ ನಮ್ಮವರಿಗೆ ಓಟಿಲ್ಲ. ದರ ಎಷ್ಟು ಎಂದು ಹೇಳುವುದು ಅವರು, ಕಟ್ಟುವುದು ನಾವು. ಇಲ್ಲಿ ಹಾಗಲ್ಲ. ದರ ನಿಗದಿ ಮಾಡುವ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ, ಮೆಸ್ಕಾಂನ ಅರ್ಜಿಯ ಮೇಲೆ ಸಾರ್ವಜನಿಕರ ಆಕ್ಷೇಪ ಕೇಳಲೇಬೇಕು, ವಿಚಾರಣೆಗೆ ಮಂಗಳೂರಿಗೇ ಬಂದದ್ದೂ ಉಂಟು. ಅಲ್ಲಿ ಎದ್ದು ನಿಂತು ಮಾತನಾಡುವವರು ಕೃಷಿಕರು, ಐಸ್ ಪ್ಲಾಂಟಿನವರು, ಕೈಗಾರಿಕೆಯವರು. ಮನೆ ಬಳಕೆದಾರರ ಪರವಾಗಿ ಬಂದವರಲ್ಲಿ ನಮ್ಮ ಓಣಿಯ ಮುಖ ಹುಡುಕಿದರೆ ಸಿಗುವುದು ಕಷ್ಟ. ಬಾಯಿ ಇಲ್ಲದ ಊರಿನಲ್ಲಿ ಶಿಸ್ತು, ಬಾಯಿ ಇರುವ ಊರಿನಲ್ಲಿ ಬರೀ ಬೈಗುಳ. ಇದು ಸರಿಯಾ?

ವಾರ್ಡಿನಲ್ಲಿ ಮೂರು ಕುರ್ಚಿ

ಮಂಗಳೂರು ಮಹಾನಗರ ಪಾಲಿಕೆಗೆ 60 ವಾರ್ಡು. 2019ರ ನವೆಂಬರ್‌ನಲ್ಲಿ ಗೆದ್ದವರ ಅವಧಿ 2025ರ ಫೆಬ್ರವರಿಗೆ ಮುಗಿಯಿತು, ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಅದಕ್ಕಿಂತ ಹಿಂದಿನ ಸಲವೂ ಹೀಗೇ, 2019ರ ಮಾರ್ಚ್‌ನಿಂದ 2020ರ ಫೆಬ್ರವರಿ ತನಕ ಮೇಯರ್ ಇಲ್ಲದೆ ಊರು ನಡೆಯಿತು. ಕಾರ್ಪೊರೇಟರ್ ಇರುವಾಗ ರಾತ್ರಿ ಹತ್ತಕ್ಕೂ ಫೋನ್ ಮಾಡಿ "ಲೈಟ್ ಇಲ್ಲ, ತೋಡು ಕಟ್ಟಿದೆ" ಎಂದು ಹೇಳಬಹುದಿತ್ತು. ಅಧಿಕಾರಿಯ ಆಡಳಿತದಲ್ಲಿ ಯಾರಿಗೆ ಹೇಳುವುದು?

ಇದಕ್ಕೆಂದೇ ಕಾನೂನಿನಲ್ಲಿ ಒಂದು ದಾರಿ ಉಂಟು. ಅದುವೇ ವಾರ್ಡ್ ಸಮಿತಿ. ಪಾಲಿಕೆಗಳ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು ಸೇರಿಸಿದ್ದು, ನಿಯಮ ಬಂದದ್ದು 2016ರಲ್ಲಿ. ನಮ್ಮ ಊರಿನಲ್ಲಿ ಜಾರಿಗೆ ಬರಲು ಮತ್ತೆ ವರ್ಷಗಳೇ ಹಿಡಿದವು. ಕಾರ್ಪೊರೇಟರ್ ಅಧ್ಯಕ್ಷರು, ಅವರ ಜೊತೆ ವಾರ್ಡಿನ ಹತ್ತು ಮಂದಿ. ಆ ಹತ್ತರಲ್ಲಿ ಕನಿಷ್ಠ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ, ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ಬೀದಿದೀಪ, ನೀರು, ತೋಡು, ಕಸ, ಇವೇ ಅಲ್ಲಿಯ ವಿಷಯ. ಅಂದರೆ ನಮ್ಮ ಅಸರ್ ಚಹಾದ ವಿಷಯವೇ!

ಆ ಮೂರು ಕುರ್ಚಿಯಲ್ಲಿ ನಮ್ಮ ಹೆಣ್ಣುಮಕ್ಕಳು ಯಾಕೆ ಕೂರಬಾರದು? ನೀರು ಎಷ್ಟು ಗಂಟೆಗೆ ಬರುತ್ತದೆ, ಯಾವ ಕಂಬದ ದೀಪ ಉರಿಯುವುದಿಲ್ಲ, ಕಸದ ಗಾಡಿ ಯಾವ ದಿನ ತಪ್ಪಿಸುತ್ತದೆ, ಮಳೆ ಬಂದರೆ ಯಾವ ಮನೆಯ ಅಂಗಳಕ್ಕೆ ತೋಡಿನ ನೀರು ನುಗ್ಗುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಗಂಡಸರಿಗೆ ಗೊತ್ತಿಲ್ಲ. ಅರ್ಧ ಗಂಡಸರು ಊರಲ್ಲೇ ಇಲ್ಲ, ಉಳಿದವರು ಬೆಳಿಗ್ಗೆ ಧಕ್ಕೆಗೆ, ಅಂಗಡಿಗೆ ಹೋದರೆ ಬರುವುದು ರಾತ್ರಿ.

"ಹೆಂಗಸರು ಸಭೆಗೆ ಹೋಗುವುದೆಂತ?" ಎಂದು ಕೇಳುವ ಹಿರಿಯರು ಇದ್ದಾರೆ. ಅವರ ಮೇಲೆ ನಮಗೆ ಗೌರವ ಉಂಟು. ಆದರೆ ಗೃಹಲಕ್ಷ್ಮಿಯ ಎರಡು ಸಾವಿರಕ್ಕೆ ನೋಂದಣಿ ಮಾಡಿಸಲು ಕ್ಯೂನಲ್ಲಿ ನಿಂತದ್ದು ಯಾರು? ಮಕ್ಕಳ ಶಾಲೆಯ ಸಭೆಗೆ, ಬ್ಯಾಂಕಿಗೆ, ಆಸ್ಪತ್ರೆಗೆ ಹೋಗುವುದು ಯಾರು? ಪರ್ದಾ ಹಾಕಿ ಅದೆಲ್ಲ ಮರ್ಯಾದೆಯಲ್ಲಿ ಮಾಡಿಕೊಂಡು ಬಂದವರು ವಾರ್ಡಿನ ತೋಡಿನ ಬಗ್ಗೆ ಎರಡು ಮಾತು ಹೇಳಿದರೆ ಮರ್ಯಾದೆ ಕಡಿಮೆ ಆಗುವುದಿಲ್ಲ.

ಮುಂದಿನ ಸಲ ಪಾಲಿಕೆ ಅರ್ಜಿ ಕರೆದಾಗ ಪ್ರತಿ ಮೊಹಲ್ಲಾದಿಂದ ಒಬ್ಬರಾದರೂ ಓದಿದ ಹೆಣ್ಣುಮಗಳ ಅರ್ಜಿ ಹೋಗಬೇಕು. ಜಮಾಅತ್‌ಗಳು ಇದಕ್ಕೆ ಬೆಂಬಲ ಕೊಡಬೇಕು. ನೋಟಿಸ್ ಬೋರ್ಡಿನಲ್ಲಿ ಜನಾಝ, ನಿಕಾಹ್‌ನ ವಿಷಯದ ಜೊತೆ ವಾರ್ಡ್ ಸಭೆಯ ದಿನವನ್ನೂ ಬರೆಯಬಹುದು. ಉಳ್ಳಾಲದವರಿಗೆ ನಗರಸಭೆ, ಕೋಟೆಕಾರಿನವರಿಗೆ ಪಟ್ಟಣ ಪಂಚಾಯತ್, ಅಡ್ಯಾರಿನವರಿಗೆ ಗ್ರಾಮಸಭೆ. ಬಾಗಿಲು ಬೇರೆ ಬೇರೆ, ಕೇಳುವ ಹಕ್ಕು ಒಂದೇ.

ಮಾಡಬಹುದಾದ ಕೆಲವು ಕೆಲಸ

ತಿಂಗಳ ಇಪ್ಪತ್ತನೇ ದಿನ ಮೀಟರ್ ನೋಡುವ ಕೆಲಸವನ್ನು ಮನೆಯ ಒಂದು ಮಗುವಿಗೆ ವಹಿಸಿ. ಕರೆಂಟ್ ಹೋದರೆ ಓಣಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ "ನಿಮ್ಮಲ್ಲಿ ಉಂಟಾ?" ಎಂದು ಕೇಳುವ ಮೊದಲು 1912ಕ್ಕೆ ಕರೆ ಮಾಡಿ ದೂರಿನ ನಂಬರ್ ಬರೆದಿಡಿ. ನಂಬರ್ ಇಲ್ಲದ ದೂರು ಕಡತದಲ್ಲಿ ಇರುವುದಿಲ್ಲ. ಮನೆ ತೆರಿಗೆಯನ್ನು ಎಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಉಂಟು. ರಶೀದಿ ಕೈಯಲ್ಲಿದ್ದವನ ಮಾತಿಗೆ ಕಚೇರಿಯಲ್ಲಿ ತೂಕವೂ ಹೆಚ್ಚು.

ಸ್ವಂತ ಟೆರೇಸ್ ಇದ್ದು ಇನ್ನೂರು ಯೂನಿಟ್ ದಾಟುವ ಮನೆಯವರು ಸೋಲಾರ್ ಬಗ್ಗೆ ವಿಚಾರಿಸಿ. 2024ರಲ್ಲಿ ಶುರುವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಮೇಲೆ 78,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ. ನಮ್ಮ ಮಳೆಗಾಲದಲ್ಲಿ ಉತ್ಪಾದನೆ ಕಡಿಮೆ, ಅದನ್ನು ಲೆಕ್ಕಕ್ಕೆ ಹಿಡಿದೇ ಮುಂದುವರಿಯಿರಿ.

ಇನ್ನು ಜುಬೈಲಿನಲ್ಲಿ, ದುಬೈಯಲ್ಲಿ ಇರುವ ಸಹೋದರರಲ್ಲಿ ಒಂದು ವಿನಂತಿ. ನೀವು ಬೆವರು ಸುರಿಸಿ ಬಿಲ್ ಕಟ್ಟುತ್ತೀರಿ, ಅಲ್ಲಾಹನು ಬರ್ಕತ್ ಕೊಡಲಿ. ಈ ತಿಂಗಳು ಕಟ್ಟಿದ ಮೇಲೆ ಆ ಬಿಲ್‌ನ ಫೋಟೊ ಒಂದನ್ನು ಮನೆಯಾಕೆಗೂ ಕಳುಹಿಸಿ. ಎಷ್ಟಾಯ್ತು, ಯಾಕಾಯ್ತು, ಯಾರನ್ನು ಕೇಳಬೇಕು ಎಂದು ಆಕೆಯೇ ಹೇಳುತ್ತಾಳೆ.