ವೈದ್ಯಗುರು ದಿವಂಗತ ಡಾ. ಯು. ರಾಮರಾಯರು

ಚೆನ್ನೈ ನಗರದ ಸೌಕಾರ್‌ಪೇಟೆಗೆ ಅನತಿದೂರದಲ್ಲಿರುವ ತಂಬುಚೆಟ್ಟಿ ಬೀದಿಯು ಉಡುಪಿ ಮನೆತನದ ಡಾ. ಯು. ರಾಮರಾಯರ (1874–1952) ಕರ್ಮಭೂಮಿ. ಅವರು ವೈದ್ಯರಿಗಾಗಿ 1904ರಲ್ಲಿ ‘ಆಂಟಿಸೆಪ್ಟಿಕ್’ ಪತ್ರಿಕೆಯನ್ನೂ, ಜನಸಾಮಾನ್ಯರಿಗಾಗಿ 1923ರಲ್ಲಿ ‘ಹೆಲ್ತ್’ ಪತ್ರಿಕೆಯನ್ನೂ ಆರಂಭಿಸಿದರು. 1937ರಲ್ಲಿ ಮದರಾಸು ವಿಧಾನ ಪರಿಷತ್ತಿನ ಅಧ್ಯಕ್ಷರಾದರು.

ಔಷಧದಿಂದ ಒಬ್ಬ ರೋಗಿ ಗುಣ ಹೊಂದುವನು. ಆರೋಗ್ಯದ ಅರಿವಿನಿಂದ ಊರೇ ಉಳಿಯುವುದು. ವಾಂತಿಭೇದಿಯೂ ವಿಷಮಶೀತಜ್ವರವೂ ಕಲುಷಿತ ನೀರಿನಿಂದ ಹರಡುವುವೆಂದು ಗೃಹಿಣಿಯು ಬಲ್ಲವಳಾದರೆ, ಕುದಿಸಿ ಆರಿಸಿದ ನೀರೇ ಮನೆಮಂದಿಗೆ ರಕ್ಷೆ.

ಪುತ್ರ ಡಾ. ಯು. ಕೃಷ್ಣರಾಯರಿಗೆ ತಂದೆಯೇ ಗುರು. ವೈದ್ಯವೃತ್ತಿ, ಪತ್ರಿಕೆಗಳ ಸಂಪಾದನೆ, ಸಾರ್ವಜನಿಕ ಸೇವೆ ಮೂರನ್ನೂ ಅವರು ಮುಂದುವರಿಸಿದರು. ಮದರಾಸಿನ ಮೇಯರ್ ಆದರು. 1957ರಲ್ಲಿ ವಿಧಾನಸಭಾಧ್ಯಕ್ಷರಾಗಿ, 1961ರಲ್ಲಿ ಆ ಪದವಿಯಲ್ಲಿದ್ದಾಗಲೇ ನಿಧನರಾದರು. ಗುರುವು ಹಿಡಿದ ಕಾರ್ಯವನ್ನು ಕೈಬಿಡದೆ ನಡೆಸುವುದಕ್ಕಿಂತ ಮಿಗಿಲಾದ ಗುರುದಕ್ಷಿಣೆ ಯಾವುದಿದೆ?