ಮೇಲ್ಮನವಿಯಲ್ಲಿ ಸಾಕ್ಷಿಯ ಮಾತನ್ನು ಹೇಗೆ ತೂಗುತ್ತಾರೆ?

ಘಟ್ಟದ ಮೇಲಿನ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳಿಗೆ ನೆಂಟರಿದ್ದಾರೆ. ಅಲ್ಲಿಯ ಸುದ್ದಿ ಇಲ್ಲಿಗೂ ಬೇಗ ತಲಪುತ್ತದೆ. ಅತ್ಯಾಚಾರದ ಮೊಕದ್ದಮೆಯಲ್ಲಿ ಸೆಷನ್ಸ್ ನ್ಯಾಯಾಲಯ ಶಿಕ್ಷೆ ವಿಧಿಸಿ, ಹೈಕೋರ್ಟು ಬಿಡುಗಡೆ ಮಾಡಿತೆಂದರೆ ಪೂಜೆ ಮುಗಿಸಿ ಹೊರಬರುವವರು ಕೇಳುವ ಪ್ರಶ್ನೆ ಒಂದೇ: "ಹಾಗಾದರೆ ಆ ಹುಡುಗಿ ಸುಳ್ಳು ಹೇಳಿದ್ದೇ ಫಾದರ್?" ಹಾಗೆ ತೀರ್ಮಾನಿಸುವುದು ತಪ್ಪು. ಏಕೆಂದು ವಿವರಿಸುತ್ತೇವೆ.

ಈ ಮೂರು ತಾಲೂಕುಗಳ ಸೆಷನ್ಸ್ ತೀರ್ಪುಗಳ ಮೇಲ್ಮನವಿ ಬೆಂಗಳೂರಿನ ಹೈಕೋರ್ಟಿಗೆ ಹೋಗುತ್ತದೆ. ಅಲ್ಲಿ ಸಾಮಾನ್ಯವಾಗಿ ಸಾಕ್ಷಿಗಳನ್ನು ಮತ್ತೆ ಕರೆಯುವುದಿಲ್ಲ. ಸಾಕ್ಷಿಕಟ್ಟೆಯಲ್ಲಿ ಆಕೆ ಅತ್ತದ್ದು, ತಡವರಿಸಿದ್ದು ಮೇಲಿನ ನ್ಯಾಯಾಧೀಶರಿಗೆ ಕಾಣದು. ಅವರ ಮುಂದಿರುವುದು ಬರೆದಿಟ್ಟ ಹೇಳಿಕೆಗಳು, ವೈದ್ಯರ ವರದಿ, ಕೆಳಗಿನ ತೀರ್ಪು. ಆದುದರಿಂದ ಮೊದಲ ದಿನಗಳಲ್ಲಿ ಏನು ದಾಖಲಾಯಿತು ಎಂಬುದೇ ವರ್ಷಗಳ ಬಳಿಕ ತೂಕಕ್ಕೆ ಬರುತ್ತದೆ.

ಸಂತ್ರಸ್ತೆಯೊಬ್ಬಳ ಮಾತೇ ಶಿಕ್ಷೆಗೆ ಸಾಕಾಗಬಹುದು, ಬೇರೆ ಪುರಾವೆ ಬೇಕೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 1996ರ ಗುರ್ಮೀತ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಸಣ್ಣಪುಟ್ಟ ವ್ಯತ್ಯಾಸಗಳಿಂದ ಸಾಕ್ಷ್ಯ ಬಿದ್ದುಹೋಗುವುದಿಲ್ಲ. ದೂರು ತಡವಾದರೂ ಕಾರಣ ಒಪ್ಪುವಂತಿದ್ದರೆ ಸಾಕು. ಮನೆಯಿಂದ ಮನೆಗೆ ಮೈಲು ದೂರವಿರುವ ಮಲೆನಾಡಿನಲ್ಲಿ, ಮರ್ಯಾದೆಯ ಭಯವೂ ಸೇರಿದರೆ, ಠಾಣೆಯ ಮೆಟ್ಟಲು ಹತ್ತಲು ವಾರ ಹಿಡಿದರೆ ಆಶ್ಚರ್ಯವೇನು? ನಮ್ಮ ರಾಜ್ಯದ್ದೇ ಆದ ಮಂಜಣ್ಣ ಪ್ರಕರಣದಲ್ಲಿ (2000), ಪೊಲೀಸರ ಪತ್ರವಿಲ್ಲವೆಂದು ವೈದ್ಯಕೀಯ ಪರೀಕ್ಷೆಗೆ ನಿರಾಕರಿಸಿದ್ದನ್ನು ಸುಪ್ರೀಂ ಕೋರ್ಟು ಖಂಡಿಸಿತ್ತು.

ಆದರೆ ಒಬ್ಬಳ ಮಾತಿನ ಮೇಲೆಯೇ ಶಿಕ್ಷೆ ನಿಲ್ಲಬೇಕಾದರೆ ಆ ಮಾತು ಮೊದಲಿನಿಂದ ಕೊನೆಯವರೆಗೆ ಮೂಲ ವಿಷಯದಲ್ಲಿ ಒಂದೇ ಆಗಿರಬೇಕು. 2012ರ ರಾಯ್ ಸಂದೀಪ್ ತೀರ್ಪು ಅಂಥವರನ್ನು ಅಪ್ಪಟ ಸಾಕ್ಷಿ ಎಂದು ಕರೆದಿದೆ. ನಮ್ಮ ಧರ್ಮಸಭೆಗೆ ನೋವಿನ ವಿಷಯವಾದರೂ ಇಲ್ಲಿ ಹೇಳಲೇಬೇಕು: ಬಿಷಪ್ ಫ್ರಾಂಕೊ ಮುಲಕ್ಕಲ್ ಅವರನ್ನು ಕೋಟ್ಟಯಂ ನ್ಯಾಯಾಲಯ 2022ರ ಜನವರಿ 14ರಂದು ಬಿಡುಗಡೆ ಮಾಡಿದಾಗ, ದೂರಿತ್ತ ಧರ್ಮಭಗಿನಿಯವರ ಸಾಕ್ಷ್ಯವನ್ನು ಇದೇ ಅಳತೆಗೋಲಿನಿಂದ ಅಳೆದಿತ್ತು. ಸರಕಾರವೂ ಅವರೂ ಕೇರಳ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದರು. ಕಾರ್ಡಿನಲ್ ಪೆಲ್ ಅವರನ್ನು ಆಸ್ಟ್ರೇಲಿಯಾದ ಹೈಕೋರ್ಟು 2020ರ ಏಪ್ರಿಲ್ 7ರಂದು ಬಿಡುಗಡೆ ಮಾಡಿದ್ದು ಇನ್ನೂ ಒಳ್ಳೆಯ ಪಾಠ. ದೂರುದಾರ ಸುಳ್ಳುಗಾರನೆಂದು ಏಳು ನ್ಯಾಯಾಧೀಶರಲ್ಲಿ ಯಾರೂ ಹೇಳಲಿಲ್ಲ. ಆತನನ್ನು ನಂಬಿದರೂ, ಇತರ ಸಾಕ್ಷಿಗಳ ಮಾತಿನಿಂದ ಸಂಶಯಕ್ಕೆ ಎಡೆಯಿತ್ತು ಎಂದರು.

ಕೆಳಗೆ ಬಿಡುಗಡೆಯಾಗಿದ್ದರೆ ತಕ್ಕಡಿ ಇನ್ನಷ್ಟು ಆರೋಪಿಯ ಕಡೆಗೆ ವಾಲುತ್ತದೆ. ಸಾಕ್ಷ್ಯದಿಂದ ಎರಡು ಅಭಿಪ್ರಾಯ ಸಾಧ್ಯವಿದ್ದರೆ ಬಿಡುಗಡೆಯನ್ನು ಕದಲಿಸಬಾರದು ಎಂಬ ಸೂತ್ರ ಕರ್ನಾಟಕದ ಚಂದ್ರಪ್ಪ ಪ್ರಕರಣದ್ದು (2007). ಅದು ಕೊಲೆ ಮೊಕದ್ದಮೆಯಾದರೂ ಎಲ್ಲ ಅಪರಾಧಗಳಿಗೂ ಅನ್ವಯ. ಹಾಗೆಂದು ದಾರಿ ಮುಚ್ಚಿಲ್ಲ. 2009ರ ಕೊನೆಯಿಂದ ಸಂತ್ರಸ್ತರಿಗೆ ಸ್ವತಃ ಮೇಲ್ಮನವಿ ಸಲ್ಲಿಸುವ ಹಕ್ಕಿದೆ.

ಕ್ರೈಸ್ತ ಶಿಕ್ಷಣದ ಶಿಕ್ಷಕಿಯರು, ವಾಳೆಯ ಗುರಿಕಾರರು, ನಾವು ಧರ್ಮಗುರುಗಳು ಇದರಲ್ಲಿ ಎಲ್ಲಿ ಬರುತ್ತೇವೆ? ಮಗು ಮೊದಲು ಬಾಯಿಬಿಡುವುದು ಹೆಚ್ಚಾಗಿ ನಂಬಿದವರ ಬಳಿ. ಆಗ ಹತ್ತು ಮಂದಿ ಹತ್ತು ಸಲ ಕೇಳಿದರೆ, "ಹೀಗೆ ಹೇಳು" ಎಂದು ತಿದ್ದಿದರೆ, ಪಾಟೀಸವಾಲಿನಲ್ಲಿ ವಕೀಲರು ಹಿಡಿಯುವುದು ಅದನ್ನೇ. ಒಳ್ಳೆಯ ಮನಸ್ಸಿನಿಂದಲೇ ಕೇಸು ಕೆಡುತ್ತದೆ. "ಒಳಗೊಳಗೇ ಮುಗಿಸೋಣ" ಎಂದು ತಿಂಗಳು ಕಳೆಯುವುದು ಅದಕ್ಕಿಂತ ಕೆಟ್ಟದ್ದು. ಹದಿನೆಂಟರೊಳಗಿನವರಾದರೆ ಪೋಕ್ಸೊ ಕಾಯಿದೆಯ 19ನೇ ಕಲಮಿನಂತೆ ತಿಳಿದವರೆಲ್ಲರೂ ಪೊಲೀಸರಿಗೆ ತಿಳಿಸಲೇಬೇಕು; ಮುಚ್ಚಿಟ್ಟರೆ ಅದೇ ಅಪರಾಧ. ಮಗುವಿನ ಮಾತನ್ನು ಅದರ ಪದಗಳಲ್ಲಿಯೇ, ತಾರೀಕು ಹಾಕಿ, ಅಂದೇ ಬರೆದಿಡಿ. ಮತ್ತೆ ಮತ್ತೆ ಕೇಳಬೇಡಿ. 1098ಕ್ಕೆ ಕರೆಮಾಡಿ, ಉಟ್ಟ ಬಟ್ಟೆಯನ್ನು ಒಗೆಯದೆ ಕಾಗದದಲ್ಲಿ ಸುತ್ತಿ ಜೊತೆಗೆ ಕೊಂಡೊಯ್ಯಿರಿ.