ಕಾಮಣ್ಣನ ಕಟ್ಟಿಗೆಗೆ ಬಂದ ಬರ

ಹಾನಗಲ್ಲಿನ ಪಶ್ಚಿಮಕ್ಕೆ ಆನೆಕೆರೆ ಇದೆ. 1196ರಲ್ಲಿ ಹೊಯ್ಸಳರ ವೀರಬಲ್ಲಾಳ ಈ ಕೆರೆಯ ಬಳಿ ಬೀಡುಬಿಟ್ಟು ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದ. ಆ ಸಲ ಅವನ ಆಟ ನಡೆಯಲಿಲ್ಲ. ಹಾನಗಲ್ಲಿನ ದಂಡನಾಯಕ ಸೋಹಣಿ ಮಗನೊಂದಿಗೆ ಎದುರು ನಿಂತು ಹೊಯ್ಸಳರನ್ನು ಹಿಮ್ಮೆಟ್ಟಿಸಿದ, ಆ ಕಾಳಗದಲ್ಲೇ ಜೀವ ಬಿಟ್ಟ. ಅದನ್ನು ಹೇಳಲು ಒಂದು ವೀರಗಲ್ಲು ಉಳಿದಿದೆ. ಸೋಹಣಿ ಯಾರಿಗಾಗಿ ಸತ್ತನೋ ಆ ಕದಂಬ ಅರಸನ ಹೆಸರು ಕಾಮದೇವ.

ಈ ಹೆಸರು ಓದಿದೊಡನೆ ನನ್ನ ಮೂಗಿಗೆ ಕುಳ್ಳಿನ ಹೊಗೆ ಬಡಿಯಿತು. ಕಾಮದೇವ ಆಳಿದ ಸೀಮೆಯಲ್ಲೇ ಹುಟ್ಟಿದ ನಾವು ವರ್ಷಕ್ಕೊಮ್ಮೆ ಹೋಳಿಗೆ ಕಾಮಣ್ಣನನ್ನು ಸುಟ್ಟು, ಬಾಯಿ ಬಡಿದುಕೊಂಡು, ಮರುದಿನ ಅವನ ಬೂದಿ ಹಚ್ಚಿಕೊಂಡು ಬೆಳೆದವರು. ಅರಸನಿಗೂ ಹಬ್ಬಕ್ಕೂ ನಂಟು ಕಟ್ಟಲು ಹೆಸರೊಂದೇ ಸಾಕಾಗದು, ಗೊತ್ತು. ಆದರೂ ಹುಡುಕುತ್ತ ಹೋದೆ.

ಹಿರೇಕೆರೂರು ತಾಲ್ಲೂಕಿನ ಅಬ್ಬಲೂರು ಶಾಸನದಲ್ಲಿ ಕಾಮದೇವ ಮತ್ತೆ ಸಿಕ್ಕ. ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ, ತಲೆ ಕೊಯ್ದುಕೊಂಡು ಶಿವನಿಗೊಪ್ಪಿಸಿ ಮರಳಿ ಪಡೆದನೆಂದು ಹೇಳುವ ಊರು ಅದು. ಆ ಕಥೆ ಕೇಳಿ ಮೆಚ್ಚಿದ ಕಾಮದೇವ ಅಲ್ಲಿನ ಶಿವನಿಗೆ ಒಂದು ಊರನ್ನೇ ದತ್ತಿ ಬಿಟ್ಟ. ಪುರಾಣದ ಶಿವ ಕಾಮನನ್ನು ಸುಟ್ಟ, ಹಾನಗಲ್ಲಿನ ಕಾಮ ಶಿವನಿಗೆ ಊರು ಕೊಟ್ಟ! ಹೆಚ್ಚುಕಡಿಮೆ ಅದೇ ಕಾಲಕ್ಕೆ ಆಂಡಯ್ಯ 'ಕಬ್ಬಿಗರ ಕಾವ' ಬರೆದ. ಸಂಸ್ಕೃತದ ತತ್ಸಮಗಳನ್ನು ಹೊರಗಿಟ್ಟು ಬರೆದ ಕಾವ್ಯವೆಂದು ಪರೀಕ್ಷೆಗೆ ಓದಿದವರಿಗೆ ನೆನಪಿರಬಹುದು. ಅದರ ಕಥೆ ಇನ್ನೂ ಮಜವಾಗಿದೆ. ಶಿವ ಚಂದ್ರನನ್ನು ಹಿಡಿದಿಟ್ಟುಕೊಂಡ ಸಿಟ್ಟಿಗೆ ಕಾಮ ದಂಡೆತ್ತಿ ಹೋಗುತ್ತಾನೆ, ಬಾಣ ಹೊಡೆದು ಶಿವನನ್ನೇ ಅರೆಹೆಣ್ಣಾಗಿಸುತ್ತಾನೆ. ಕನ್ನಡದ ಕಾಮ ಹೀಗೆ ಒಮ್ಮೆ ಗೆದ್ದೂ ಇದ್ದಾನೆ.

ಅದಕ್ಕೂ ಮೊದಲು, 7ನೆಯ ಶತಮಾನದಲ್ಲಿ, ಹರ್ಷನ 'ರತ್ನಾವಳಿ' ನಾಟಕದಲ್ಲಿ ವಸಂತದ ಹಬ್ಬ ಬರುತ್ತದೆ. ಬಣ್ಣದ ಪುಡಿ, ಪಿಚಕಾರಿ ಎಲ್ಲ ಅಲ್ಲಿವೆ. ಆದರೆ ಅಲ್ಲಿ ರಾಣಿ ಅಶೋಕದ ಮರದಡಿ ಮದನನನ್ನು ಪೂಜಿಸುತ್ತಾಳೆ, ಸುಡುವುದಿಲ್ಲ. ಪೂಜೆ ದೊಡ್ಡವರ ಪಾಲಾದರೆ ನಮ್ಮ ಕಡೆ ಸುಡುವುದು ಹುಡುಗರ ಪಾಲಿಗೆ ಬಂತು. ಸುಡಲು ಕಟ್ಟಿಗೆ ಬೇಕು. ಕಟ್ಟಿಗೆಗೆ ಕಳವು ಬೇಕು. ನನಗೆ ಮುಖ್ಯವಾಗಿದ್ದು ಈ ಕಳವು.

ಶಿವರಾತ್ರಿ ಅಮಾವಾಸ್ಯೆ ಕಳೆದು ಹೊಸ ಚಂದ್ರ ಕಾಣಿಸಿದನೆಂದರೆ ಓಣಿಯ ಹುಡುಗರಿಗೆ ಮನೆ ಸೇರುವ ಹೊತ್ತು ಮರೆತುಹೋಗುತ್ತಿತ್ತು. ಮೊದಲು ಅಟ್ಟದ ಮೇಲಿನ ಹಲಗಿ ಇಳಿಯಬೇಕು. ವರ್ಷವಿಡೀ ಮಲಗಿದ ತೊಗಲು ಮೆತ್ತಗಾಗಿ ಬಡಿದರೆ ಹಪ್ಪಳದಷ್ಟೂ ಸದ್ದು ಮಾಡುತ್ತಿರಲಿಲ್ಲ. ಒಂದು ಹಿಡಿ ಹುಲ್ಲಿಗೆ ಬೆಂಕಿ ಹಚ್ಚಿ, ಹಲಗಿಯನ್ನು ಉರಿಯ ಮೇಲೆ ತಿರುಗಿಸುತ್ತ ಕಾಯಿಸಬೇಕು. ಹತ್ತಿರ ಹಿಡಿದರೆ ತೊಗಲು ಸುಟ್ಟು ಸೀಳುತ್ತದೆ, ದೂರ ಹಿಡಿದರೆ ಬಿಗಿಯುವುದಿಲ್ಲ. ನಡುನಡುವೆ ಉಗುರಿನಿಂದ ಚಿಮ್ಮಿ ಕಿವಿಗೊಟ್ಟು ಕೇಳುವುದು. ಡಬ್ ಎನ್ನುತ್ತಿದ್ದದ್ದು ಢಣ್ ಎಂದಾಗ ಎಡಗೈಗೆ ತೆಳ್ಳನೆಯ ಕಡ್ಡಿ, ಬಲಗೈಗೆ ದಪ್ಪನೆಯದು. ಅಲ್ಲಿಂದ ಹುಣ್ಣಿಮೆಯವರೆಗೆ ಊರಿಗೆ ನಿದ್ದೆ ಇಲ್ಲ.

ಕಳವಿಗೂ ಕಾನೂನಿತ್ತು. ಕುಳ್ಳು, ಹತ್ತಿಕಟ್ಟಿಗೆ, ಮುರಿದ ಬುಟ್ಟಿ, ಸವೆದ ಕುಂಟೆ, ಗಾಡಿಯ ಮುರುಕು ಗಾಲಿ ಇವೆಲ್ಲ ಕಾಮಣ್ಣನವು. ಹಸಿ ಮರಕ್ಕೆ ಕೊಡಲಿ ಹಾಕುವಂತಿಲ್ಲ. ಬಾಯಿಗೆ ಬಂದಂತೆ ಬೈಯುವುದಕ್ಕೆ ಮನೆಯವರಿಗೆ ಪೂರ್ತಿ ಹಕ್ಕು, ತಿರುಗಿ ಬೈಗುಳದ ಪದ ಹಾಡುವುದಕ್ಕೆ ನಮಗೆ. ಒಮ್ಮೆ ಗುಡ್ಡೆಗೆ ಬಿದ್ದ ವಸ್ತುವನ್ನು ಒಡೆಯನೂ ಎತ್ತಿಕೊಳ್ಳುವಂತಿಲ್ಲ. ನಮ್ಮ ಓಣಿಯ ಮುದುಕಿಯೊಬ್ಬಳು ಹಿತ್ತಲ ಬಾಗಿಲಲ್ಲಿ ಕೂತು, "ಯಾವನಲೇ ಅಂವ, ನನ್ನ ಕುಳ್ಳಿಗಿ ಕೈ ಹಚ್ಚಾಂವ?" ಎಂದು ಬೆಳತನಕ ಕಾಯುತ್ತಿದ್ದಳು. ಒಂದು ವರ್ಷ ನಾವು ಅವಳ ಮನೆ ಬಿಟ್ಟು ಮುಂದೆ ಹೋದೆವು. ಮರುದಿನ ಕರೆದು ಕೇಳಿದಳು: "ನಮ್ಮನಿ ಕುಳ್ಳು ಕಾಮಣ್ಣಗ ಬ್ಯಾಡಾದುವೇನೋ?" ಆ ರಾತ್ರಿಯೇ ಹೋಗಿ ತಪ್ಪು ತಿದ್ದಿಕೊಂಡೆವು.

ಈ ಆಟ ಫಾಲ್ಗುಣದಲ್ಲೇ ಏಕೆ ಎಂಬುದಕ್ಕೆ ಪುರಾಣಕ್ಕಿಂತ ಕಣ ಚೆನ್ನಾಗಿ ಉತ್ತರ ಹೇಳುತ್ತದೆ. ಹಿಂಗಾರಿ ಜೋಳ, ಕಡಲೆ ಮನೆ ಸೇರಿದ ಹೊತ್ತು. ಹತ್ತಿಯ ಹೊಲದಲ್ಲಿ ಒಣಗಿದ ಗಿಡ ಕಿತ್ತು ತಂದು ಒಟ್ಟಿರುತ್ತಾರೆ. ಕುಳ್ಳು ಬಿಸಿಲಿಗೆ ಕಟಕಟನೆ ಒಣಗಿರುತ್ತದೆ. ಮಳೆ ಬರುವುದರೊಳಗೆ ಹಿತ್ತಲಿನ ಹಳೆಯ ಸಾಮಾನು ಖಾಲಿಯಾಗಬೇಕು. ಇಡೀ ಊರು ಕಸ ತೆಗೆಯುವ ಕೆಲಸಕ್ಕೆ ಕೂಲಿಯಿಲ್ಲದ ಹುಡುಗರು ಸಿಕ್ಕರೆ ಬೇಡ ಎನ್ನುವವರಾರು? ಅದಕ್ಕೆ ಕಳವೆಂದು ಹೆಸರಿಟ್ಟದ್ದು ಹಿರಿಯರ ಜಾಣತನ. ಕಸ ಗುಡಿಸಿರೋ ಎಂದಿದ್ದರೆ ಯಾವ ಹುಡುಗ ಏಳುತ್ತಿದ್ದ?

ಹುಣ್ಣಿಮೆಯ ರಾತ್ರಿ ಬೆಂಕಿ ಬಿದ್ದಾಗ ಕೈಯಿಂದ ಬಾಯಿ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ದುಕೊಳ್ಳುವುದು. ಕೆಂಡ ಮನೆಗೊಯ್ದು ಒಲೆ ಹಚ್ಚುವುದು. ಅದರಲ್ಲೇ ಕಡಲೆ ಸುಟ್ಟು ತಿನ್ನುವುದು. ಇಷ್ಟು ಹೇಳಿ ಕಣ್ಣು ತೇವ ಮಾಡಿಕೊಳ್ಳುವವರು ಇನ್ನೊಂದನ್ನೂ ಹೇಳಬೇಕು. ಹಲಗಿಯ ತೊಗಲು ಹದ ಮಾಡಿದವರು ಕೇರಿಯವರು. ಕಾಮಣ್ಣನಿಗೆ ಬೆಂಕಿಯನ್ನೂ ಎಷ್ಟೋ ಊರುಗಳಲ್ಲಿ ಕೇರಿಯಿಂದಲೇ ತರುತ್ತಿದ್ದರು. ಆ ಬೆಂಕಿ ಎಲ್ಲರ ಒಲೆಗೂ ಆಗುತ್ತಿತ್ತು. ಅದನ್ನು ಕೊಟ್ಟವರು ಮಾತ್ರ ಮರುದಿನ ಅದೇ ಮನೆಗಳ ಹೊಸ್ತಿಲಾಚೆಯೇ ನಿಲ್ಲಬೇಕಿತ್ತು. ಹೋದದ್ದೆಲ್ಲ ಬಂಗಾರವಲ್ಲ.

ಆದರೂ ಹೋದದ್ದು ಹೇಗೆ ಹೋಯಿತೆಂದು ಕೇಳಲೇಬೇಕು. ಮೊಬೈಲನ್ನು ದೂರುವುದು ಸುಲಭ. ಅದು ಬರುವುದಕ್ಕೆ ಮುಂಚೆಯೇ ಕಾಮಣ್ಣನ ಕಟ್ಟಿಗೆಗೆ ಬರ ಬಿದ್ದಿತ್ತು. ಟ್ರ್ಯಾಕ್ಟರ್ ಬಂದು ಗಾಡಿ ಹೋಯಿತು, ಮರದ ನೇಗಿಲು ಹೋಯಿತು. ಹತ್ತಿಯ ಹೊಲಗಳಿಗೆ ಗೋವಿನಜೋಳ ನುಗ್ಗಿತು. ಸಿಲಿಂಡರ್ ಒಂದೊಂದೇ ಮನೆಗೆ ಬಂತು, 2016ರ ಉಜ್ವಲ ಯೋಜನೆಯ ನಂತರ ಉಳಿದ ಅಡುಗೆಮನೆಗಳಿಗೂ ಬಂತು. ಹೆಣ್ಣುಮಕ್ಕಳ ಕಣ್ಣಿಗೆ ಹೊಗೆ ತಪ್ಪಿದ್ದು ಒಳ್ಳೆಯದೇ ಆಯಿತು, ಹಿತ್ತಲಿನ ಕುಳ್ಳಿನ ಬಣವೆ ಮಾತ್ರ ಕರಗಿತು. ಕದಿಯುವ ಹುಡುಗರು ಇದ್ದರು, ಕದಿಯಲು ಊರಿನಲ್ಲಿ ಏನೂ ಉಳಿಯಲಿಲ್ಲ. ಆಗ ದೊಡ್ಡವರು ಪಟ್ಟಿ ಎತ್ತಿ ಕಟ್ಟಿಗೆ ಕೊಂಡು ತಂದರು. ದುಡ್ಡು ಕೊಟ್ಟವರು ಹಬ್ಬವನ್ನೂ ತಮ್ಮದಾಗಿಸಿಕೊಂಡರು. ಡಿಜೆ ಬಂತು. ಹುಡುಗರು ನೋಡುವವರಾದರು.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿ ಬದಿಗೆ, ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ನಮ್ಮ ಹಳ್ಳಿಯ ಬದುಕನ್ನೆಲ್ಲ ಅವರು ಸಿಮೆಂಟಿನಲ್ಲಿ ಎರಕ ಹೊಯ್ದು 2020ರಲ್ಲಿ ತೀರಿಕೊಂಡರು. ನಾವು ಬೆಂಕಿಗೆ ಹಾಕುತ್ತಿದ್ದ ಹಳ್ಳಿಯನ್ನು ನೋಡಲು ಮಕ್ಕಳು ಈಗ ಟಿಕೆಟ್ ತೆಗೆಸಿ ಒಳಗೆ ಹೋಗುತ್ತಾರೆ. ಬೆಂಕಿಗೆ ಬೀಳದೆ ಉಳಿದದ್ದೂ ಇದೆ. ಸವಣೂರಿನ ಕಲ್ಮಠದ ಮೂರು ದೊಡ್ಡಹುಣಸೆ ಮರಗಳು ಸುತ್ತಲಿನ ಯಾವ ಊರಿನ ಕಾಮಣ್ಣನಿಗೂ ಎಂದೂ ದಕ್ಕದ ಕಟ್ಟಿಗೆ. ಹೋಳಿಯ ಹೊತ್ತಿಗೆ ಎಲೆ ಉದುರಿಸಿ ಬೋಳಾಗಿ ನಿಂತು, ಸತ್ತಂತೆ ಕಾಣುತ್ತವೆ, ಸತ್ತಿರುವುದಿಲ್ಲ. 2023ರ ಮಳೆಗಾಲದಲ್ಲಿ ಒಂದು ಉರುಳಿದಾಗ ಅದನ್ನೆತ್ತಿ ಮತ್ತೆ ನೆಟ್ಟರು.

ಹೋದ ಹೋಳಿಗೆ ಊರಿನಲ್ಲಿದ್ದೆ. ಮನೆಯ ಹಿಂದೆ ಇಬ್ಬರು ಹುಡುಗರು ಕಾಗದ ಉರಿಸಿಕೊಂಡು ಕೂತಿದ್ದರು. ಕೈಯಲ್ಲಿ ಪೇಟೆಯಿಂದ ತಂದ ಫೈಬರ್ ಹಲಗಿ. ಅಜ್ಜ ಮಾಡುತ್ತಿದ್ದುದನ್ನು ಎಲ್ಲಿ ನೋಡಿದ್ದನೋ, ಒಬ್ಬ ಅದನ್ನು ಉರಿಯ ಮೇಲೆ ತಿರುಗಿಸುತ್ತಿದ್ದ. ಅಂಚು ಕಂದಿ ನಾತ ಬರುತ್ತಿತ್ತು.

"ಅದನ್ನ ಕಾಸಬಾರದಲೇ ತಮ್ಮಾ, ಅದು ತೊಗಲಲ್ಲ," ಎಂದೆ.

"ಮತ್ತ ಕಾಕಾ, ಕಾಸಲಿಲ್ಲಂದ್ರ ಹಲಗಿ ಹೆಂಗಾಕ್ಕೈತಿ?" ಎಂದ.

ಉತ್ತರ ಹೊಳೆಯದೆ ಒಳಗೆ ಬಂದೆ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲ ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಏಣಿ ಇರಲಿಲ್ಲ. ನಾನು ಓಣಿಯಲ್ಲಿ ನಿಂತು, ನಾಲ್ಕು ಮನೆಗೆ ಕೇಳುವಂತೆ, ಚೆನ್ನಾಗಿ ಬೈದೆ.